ಸ್ಪ್ರಿಂಗ್ ಏರ್ ರೈಫಲ್ ಮತ್ತು ಪಿಸಿಪಿ: ನಮ್ಮ ಟೆರೇಸಿನ ಮೇಲೆ ಎರಡನ್ನೂ ಹೊಡೆದು ನೋಡಿದ್ದು

ನಮ್ಮದು 30–40 ಸೈಟು, ತುಮಕೂರಿನ ಶೆಟ್ಟಿಹಳ್ಳಿ ಕಡೆ. ಹಿಂದೆ ಮುಂದೆ ಬಿಟ್ಟ ಜಾಗ ಕಳೆದರೆ ಟೆರೇಸಿನ ಉದ್ದ 35 ಅಡಿ ಸಿಗುತ್ತದೆ. ಏರ್ ರೈಫಲ್ ಸ್ಪರ್ಧೆಯ ದೂರ 10 ಮೀಟರ್, ಅಂದರೆ 33 ಅಡಿಗೆ ಕೂದಲೆಳೆ ಕಡಿಮೆ. ಮೆಟ್ಟಿಲ ರೂಮಿನ ಬಾಗಿಲು ತೆಗೆದು ಒಳಗೆ ನಿಂತರೆ ಅಳತೆ ಸರಿಯಾಗುತ್ತದೆ. ಮಗಳು ಏಳನೇ ಕ್ಲಾಸಿನಲ್ಲಿದ್ದಾಗ ಬೇಸಿಗೆ ಶಿಬಿರದಲ್ಲಿ ಒಮ್ಮೆ ರೈಫಲ್ ಹಿಡಿದು ಬಂದಳು. ಅವತ್ತಿನಿಂದ ಅದೇ ಧ್ಯಾನ. ಅವಳಿಗೆ ಹೇಳಿಕೊಡಬೇಕು ಅಂತ ನಾನೂ ಕಲಿತೆ. ಈಗ ಇಬ್ಬರೂ ಹೊಡೆಯುತ್ತೇವೆ.

ಎರಡು ವರ್ಷದಲ್ಲಿ ಎರಡು ರೈಫಲ್ ಮನೆಗೆ ಬಂದವು. ಮೊದಲನೆಯದು ಬ್ಯಾರಲ್ಲನ್ನು (ಮುಂದಿನ ಕೊಳವೆ) ಕೀಲಿನಲ್ಲಿ ಮಡಚಿ ಕಾಕ್ ಮಾಡುವ, ಅಂದರೆ ಒಳಗಿನ ಸ್ಪ್ರಿಂಗನ್ನು ಬಿಗಿದು ಸಿದ್ಧ ಮಾಡುವ ಸ್ಪ್ರಿಂಗ್ ರೈಫಲ್. ಹೊಸದು, 13,500 ರೂಪಾಯಿ. ಎರಡನೆಯದು ಪಿಸಿಪಿ, ಅಂದರೆ ಪ್ರಿ-ಚಾರ್ಜ್ಡ್ ನ್ಯುಮ್ಯಾಟಿಕ್. ಇದರಲ್ಲಿ ಗಾಳಿಯನ್ನು ಮೊದಲೇ ಸಿಲಿಂಡರಿನಲ್ಲಿ ಒತ್ತಿ ತುಂಬಿಟ್ಟಿರುತ್ತೇವೆ. ಸ್ಪರ್ಧೆಗೆಂದೇ ಮಾಡಿದ್ದು, ಬೆಂಗಳೂರಿನ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ತಗೊಂಡೆವು. 1 ಲಕ್ಷದ 10 ಸಾವಿರ ಆಯಿತು. ಎರಡರ ಬ್ಯಾರಲ್ಲಿನ ಒಳ ಅಳತೆಯೂ 4.5 ಮಿ.ಮೀ. ಈ ಅಳತೆಯೊಳಗೆ ಇದ್ದು, ಶಕ್ತಿ 20 ಜೌಲ್ ಮೀರದಿದ್ದರೆ ಲೈಸೆನ್ಸ್ ಬೇಕಿಲ್ಲ. ನಮ್ಮ ಪಿಸಿಪಿ 8 ಜೌಲ್ ಆಸುಪಾಸು. ಆದರೂ ಇದು ಆಟದ ಸಾಮಾನಲ್ಲ. ಟಾರ್ಗೆಟ್ ಹಿಂದೆ ದಪ್ಪ ಮರದ ಪೆಟ್ಟಿಗೆ, ಅದರ ತುಂಬ ಹಳೇ ಬಟ್ಟೆ, ಅದರ ಹಿಂದೆ ಆಳೆತ್ತರದ ಇಟ್ಟಿಗೆ ಗೋಡೆ. ಹೊಡೆಯುವಾಗ ಟೆರೇಸಿಗೆ ಯಾರೂ ಬರುವ ಹಾಗಿಲ್ಲ. ಪೆಲೆಟ್ (ಏರ್ ರೈಫಲ್ಲಿನ ಸಣ್ಣ ಗುಂಡು) ಸೀಸದ್ದು, ಹಾಗಾಗಿ ಮುಗಿದ ಮೇಲೆ ಕೈ ತೊಳೆಯದೆ ಊಟಕ್ಕೆ ಕೂರುವ ಹಾಗೂ ಇಲ್ಲ.

ಮೊದಲು ಸ್ಪ್ರಿಂಗಿನ ವಿಷಯ. ಟ್ರಿಗರ್ ಒತ್ತಿದಾಗ ಒಳಗಿರುವ ಪಿಸ್ಟನ್ ಜೋರಾಗಿ ಮುಂದೆ ನುಗ್ಗುತ್ತದೆ, ರೈಫಲ್ ಹಿಂದಕ್ಕೆ ಒದೆಯುತ್ತದೆ. ಪಿಸ್ಟನ್ ಕೊನೆ ಮುಟ್ಟಿದಾಗ ರೈಫಲ್ ಮುಂದಕ್ಕೆ ಎಳೆಯುತ್ತದೆ. ಈ ಕುಲುಕಾಟ ಶುರುವಾದಾಗ ಪೆಲೆಟ್ ಇನ್ನೂ ಬ್ಯಾರಲ್ ಒಳಗೇ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಟಾರ್ಗೆಟ್ ಕಾರ್ಡು ಎಲ್ಲವನ್ನೂ ಹೇಳುತ್ತದೆ.

ನಾವು ಹೀಗೆ ನೋಡಿದೆವು. ಮೇಜಿನ ಮೇಲೆ ರಾಗಿ ಚೀಲ ಇಟ್ಟು, ಅದರ ಮೇಲೆ ಸ್ಪ್ರಿಂಗ್ ರೈಫಲ್ ಮಲಗಿಸಿ ಐದು ಹೊಡೆದೆವು. ತೂತುಗಳು 30 ಮಿ.ಮೀ. ಹರಡಿಕೊಂಡವು. ಆಮೇಲೆ ಚೀಲದ ಮೇಲೆ ನನ್ನ ಅಂಗೈ ಇಟ್ಟು, ಅಂಗೈ ಮೇಲೆ ರೈಫಲ್ ಸುಮ್ನೆ ಕೂರಿಸಿದೆ. ಬಿಗಿ ಹಿಡಿಯಲಿಲ್ಲ. ಅದೇ ರೈಫಲ್, ಅದೇ ಡಬ್ಬಿಯ ಪೆಲೆಟ್. ಈ ಸಲ 16 ಮಿ.ಮೀ.ಗೆ ಬಂತು. ಸ್ಪ್ರಿಂಗ್ ರೈಫಲ್ಲನ್ನು ಗಟ್ಟಿ ಚೀಲದ ಮೇಲೆ ಮಲಗಿಸಿದರೆ, ಇಲ್ಲವೇ ಬಿಗಿಯಾಗಿ ಹಿಡಿದರೆ ಅದು ಪ್ರತಿ ಸಲ ಬೇರೆ ಬೇರೆ ಥರ ಒದೆಯುತ್ತದೆ. ಸಡಿಲವಾಗಿ ಬಿಟ್ಟರೆ ಪ್ರತಿ ಸಲ ಒಂದೇ ಥರ ಒದೆಯುತ್ತದೆ. ಒದೆಯಲಿ, ಒಂದೇ ಥರ ಒದ್ದರೆ ಸಾಕು. ಇದು ಗೊತ್ತಾಗಲು ನಮಗೆ ಮೂರು ತಿಂಗಳು ಹಿಡಿಯಿತು.

ಸ್ಪ್ರಿಂಗಿಂದ ಗುರಿ ಬರಲ್ಲ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. 1970ರ ದಶಕದಲ್ಲಿ ಫೈನ್‌ವೆರ್ಕ್‌ಬಾವ್ 300ಎಸ್ ಅನ್ನುವ ಜರ್ಮನ್ ರೈಫಲ್ ಸ್ಪ್ರಿಂಗ್ ಶಕ್ತಿಯಿಂದಲೇ ದೊಡ್ಡ ಸ್ಪರ್ಧೆಗಳಲ್ಲಿ ಹೆಸರು ಮಾಡಿತ್ತು. ಅದರ ಬ್ಯಾರಲ್ ಮತ್ತು ಪಿಸ್ಟನ್ ಭಾಗ ಒಟ್ಟಿಗೆ ಹಳಿಯ ಮೇಲೆ ಹಿಂದೆ ಜಾರುತ್ತಿತ್ತು, ಒದೆತ ಹೆಗಲಿಗೆ ಬರುತ್ತಿರಲಿಲ್ಲ. ಆದರೆ ಅಂಗಡಿಯಲ್ಲಿ ನಮಗೆ ಸಿಗುವ ಸಾಮಾನ್ಯ ಸ್ಪ್ರಿಂಗ್ ರೈಫಲ್ಲಿನಲ್ಲಿ ಆ ಏರ್ಪಾಡು ಇಲ್ಲ. ಇನ್ನೊಂದು, ನಮ್ಮದರ ಬ್ಯಾರಲ್ಲು ಪ್ರತಿ ಸಲ ಕೀಲಿನಲ್ಲಿ ಮಡಚಿ ಮತ್ತೆ ಕೂರುತ್ತದೆ. ಗುರಿ ನೋಡುವ ಮುಂದಿನ ಸೈಟು ಬ್ಯಾರಲ್ ಮೇಲೆ, ಹಿಂದಿನ ಸೈಟು ಹಿಂದಿನ ಕೊಳವೆ ಮೇಲೆ. ಕೀಲು ಒಂದಿಷ್ಟು ಸಡಿಲವಾದರೂ ಎರಡೂ ಒಂದೇ ಗೆರೆಗೆ ಬರುವುದಿಲ್ಲ. ವರ್ಷದ ಕೊನೆಗೆ ನಮ್ಮದು ಹಾಗೇ ಆಯಿತು. ಕೀಲಿನ ಬೋಲ್ಟು ಬಿಗಿ ಮಾಡಿದ ಮೇಲೆ ಸರಿಹೋಯಿತು.

ಮಗಳಿಗೆ ನಿಜವಾಗಿ ಕಷ್ಟ ಆಗಿದ್ದು ಕಾಕ್ ಮಾಡುವುದು. ಈಗ ಹೆಂಗಸರ ಸ್ಪರ್ಧೆಯಲ್ಲೂ 60 ಹೊಡೆತ, 75 ನಿಮಿಷ. 60 ಸಲ ಬ್ಯಾರಲ್ ಮಡಚುವಷ್ಟರಲ್ಲಿ ಆ ಹುಡುಗಿಯ ತೋಳು ನಡುಗುತ್ತಿತ್ತು. ನಡುಗುವ ತೋಳಲ್ಲಿ ಏನು ಗುರಿ ಬರುತ್ತದೆ? ಮೊದಲ 20 ಚೆನ್ನಾಗಿ, ಆಮೇಲೆ ಇಳಿಜಾರು. ಪೆಲೆಟ್ ಹಾಕುವಾಗ ಬ್ಯಾರಲ್ಲನ್ನು ಇನ್ನೊಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದಿರಬೇಕು ಅಂತ ಪ್ರತಿ ಸಲ ಹೇಳುತ್ತಿದ್ದೆ. ಜಾರಿ ಮುಚ್ಚಿಕೊಂಡರೆ ಬೆರಳು ಹೋದ ಹಾಗೆ. ಪೆಲೆಟ್ ಇಲ್ಲದೆ ಸುಮ್ನೆ ಟ್ರಿಗರ್ ಒತ್ತಿ ಅಭ್ಯಾಸ ಮಾಡೋಣ ಅಂದರೆ ಅದೂ ಆಗದು, ಪಿಸ್ಟನ್ ಬಡಿದು ಹಾಳಾಗುತ್ತದೆ.

ಪಿಸಿಪಿ ಬಂದ ದಿನ ಅದೇ ಮೇಜು, ಅದೇ ರಾಗಿ ಚೀಲ. ಹೇಗೆ ಹಿಡಿದರೂ ಐದು ಪೆಲೆಟ್ ಒಂದೇ ತೂತಿನಲ್ಲಿ ಹೋದವು. ಹೊರ ಅಂಚಿಂದ ಹೊರ ಅಂಚಿಗೆ 6 ಮಿ.ಮೀ. ಪೆಲೆಟ್ಟೇ 4.5 ಮಿ.ಮೀ. ಇರುವಾಗ ಇನ್ನೇನು ಬೇಕು! ಒಳಗೆ ದೊಡ್ಡ ಪಿಸ್ಟನ್ ನುಗ್ಗುವುದಿಲ್ಲ. ಒಂದು ಸಣ್ಣ ಸುತ್ತಿಗೆ ವಾಲ್ವ್ ತಟ್ಟುತ್ತದೆ, ಅಳತೆಯಷ್ಟು ಗಾಳಿ ಬರುತ್ತದೆ, ಅಷ್ಟೇ. ಲಿವರ್ ಎಳೆಯಲು ಒಂದು ಬೆರಳು ಸಾಕು. ಪೆಲೆಟ್ ಇಲ್ಲದೆ ಟ್ರಿಗರ್ ಅಭ್ಯಾಸ ಮಾಡಲು ಬೇರೆ ಏರ್ಪಾಡೇ ಇದೆ. ನಮ್ಮದರ ತೂಕ 4.5 ಕೆ.ಜಿ.; ನಿಯಮದ ಮಿತಿ 5.5.

ಆದರೆ ನಿಂತು ಹೊಡೆದಾಗ ಮಗಳ ಅಂಕ ಮೊದಲ ವಾರ ಏರಲೇ ಇಲ್ಲ. ಟಾರ್ಗೆಟ್ ಕಾರ್ಡಿನಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿ.ಮೀ., ಒಂಬತ್ತರ ಉಂಗುರ 5.5. ಅವಳ ಪೆಲೆಟ್ಟುಗಳು ಸ್ಪ್ರಿಂಗಿನಲ್ಲಿ ಬೀಳುತ್ತಿದ್ದ ಹಾಗೇ ಎಡಗಡೆ ಕೆಳಗೆ ಬೀಳುತ್ತಿದ್ದವು. ಕಾರ್ಡು ಹಿಡಿದು ಕೂತಳು. "ಅಮ್ಮಾ, ಇದು ರೈಫಲ್ಲಿಂದ ಅಲ್ಲ ಅಲ್ವಾ?" ಅಂದಳು. ಅಲ್ಲ. ಟ್ರಿಗರ್ ಒತ್ತುವ ಕೊನೇ ಗಳಿಗೆಯಲ್ಲಿ ಅವಳು ಇಡೀ ಕೈ ಬಿಗಿ ಮಾಡುತ್ತಿದ್ದಳು. ಒಂದು ವರ್ಷ ನಾವು ಆ ತಪ್ಪನ್ನು ಸ್ಪ್ರಿಂಗಿನ ಒದೆತದ ಮೇಲೆ ಹಾಕಿದ್ದೆವು. ನನ್ನ ಪ್ರಕಾರ ಎರಡಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಸ್ಪ್ರಿಂಗಿನಲ್ಲಿ ಕೆಟ್ಟ ಹೊಡೆತ ಯಾರದ್ದು ಅಂತ ಗೊತ್ತಾಗುವುದಿಲ್ಲ. ಪಿಸಿಪಿಯಲ್ಲಿ ಅದು ಹೊಡೆದವರದ್ದೇ. ಆರು ವಾರ ಬರೀ ಟ್ರಿಗರ್ ಮೇಲೆ ಕೆಲಸ ಮಾಡಿದೆವು, ಆಮೇಲೆ ಅಂಕ ಏರಿತು. ಹಾಗಂತ ಸ್ಪ್ರಿಂಗಿನ ವರ್ಷ ದಂಡ ಆಗಲಿಲ್ಲ. ಪೆಲೆಟ್ ಹೋದ ಮೇಲೂ ಒಂದು ಗಳಿಗೆ ಅಲುಗಾಡದೆ ನಿಲ್ಲುವುದನ್ನು ಅದೇ ಕಲಿಸಿದ್ದು.

ಇನ್ನು ಗಾಳಿ. ತುಮಕೂರಿನಲ್ಲಿ ಪಿಸಿಪಿ ಇಟ್ಟುಕೊಳ್ಳುವವರು ಇದನ್ನು ಮೊದಲೇ ಯೋಚಿಸಬೇಕು. ನಮ್ಮ ಸಿಲಿಂಡರಿಗೆ 200 ಬಾರ್ (ಗಾಳಿಯ ಒತ್ತಡದ ಅಳತೆ) ಬೇಕು. ಬೈಕಿನ ಟೈರಿಗೆ ಎರಡು ಬಾರ್ ಚಿಲ್ಲರೆ, ಅಂದರೆ ಅದರ ನೂರರಷ್ಟು ಹತ್ತಿರ. "ಪಂಕ್ಚರ್ ಅಂಗಡಿಯಲ್ಲಿ ಹೊಡೆಸಬಹುದಲ್ವಾ?" ಅಂತ ನಮ್ಮನೆಯವರೇ ಕೇಳಿದ್ದರು. ಅಲ್ಲಿನ ಕಂಪ್ರೆಸರ್ ಹತ್ತು ಬಾರ್ ಹತ್ತಿರವೇ ಸುಸ್ತಾಗುತ್ತದೆ. ಇನ್ನು ಕೆಲವರು ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ತುಂಬಿಸಿ ಅಂತ ಸಲಹೆ ಕೊಡುತ್ತಾರೆ. ದಯವಿಟ್ಟು ಬೇಡ. ಒತ್ತಡದಲ್ಲಿರುವ ಆಕ್ಸಿಜನ್ನಿಗೆ ಎಣ್ಣೆ, ಗ್ರೀಸ್ ತಾಗಿದರೆ ಸ್ಫೋಟವಾಗುತ್ತದೆ. ಒಣ ಗಾಳಿ ಮಾತ್ರ ತುಂಬಬೇಕು.

ಉಳಿದದ್ದು ಎರಡು ದಾರಿ. ಒಂದು ಕೈ ಪಂಪು. 150 ಬಾರ್ ತನಕ ಹೇಗೋ ನಡೆಯುತ್ತದೆ, ಆಮೇಲೆ ಮೈ ಭಾರ ಪೂರ್ತಿ ಹಾಕಿ ಒತ್ತಬೇಕು. ಪಂಪು ಕಾಯುತ್ತದೆ, ನಿಲ್ಲಿಸಿ ನಿಲ್ಲಿಸಿ ಹೊಡೆಯಬೇಕು. ಮಳೆಗಾಲದಲ್ಲಿ ಗಾಳಿಯ ತೇವ ಒಳಗೆ ಸೇರುತ್ತದೆ. ಇನ್ನೊಂದು ದಾರಿ, ದೊಡ್ಡ ಡೈವಿಂಗ್ ಸಿಲಿಂಡರನ್ನು 70 ಕಿ.ಮೀ. ದೂರದ ಬೆಂಗಳೂರಿಗೆ ಕಾರಿನಲ್ಲಿ ಒಯ್ದು ತುಂಬಿಸಿಕೊಂಡು ಬರುವುದು. ಅದರಿಂದ ರೈಫಲ್ಲಿನ ಸಿಲಿಂಡರಿಗೆ ಮನೆಯಲ್ಲೇ ನಿಧಾನವಾಗಿ ಬಿಟ್ಟುಕೊಳ್ಳುತ್ತೇವೆ. ಬೇಗ ತುಂಬಿದರೆ ಬಿಸಿಯಾಗಿ ಮುಳ್ಳು 200 ತೋರಿಸುತ್ತದೆ, ತಣ್ಣಗಾದ ಮೇಲೆ ಇಳಿದಿರುತ್ತದೆ. ಸದ್ಯ ಎರಡು ತಿಂಗಳಿಗೊಂದು ಭಾನುವಾರ ಇದಕ್ಕೇ ಹೋಗುತ್ತದೆ. ಸ್ಪ್ರಿಂಗಿಗೆ ಈ ತಾಪತ್ರಯ ಒಂದೂ ಇಲ್ಲ. ಪೆಲೆಟ್ ಡಬ್ಬಿ ಇದ್ದರೆ ಸಾಕು, ಶಿರಾದ ತವರಿಗೂ ತಗೊಂಡು ಹೋಗಿದ್ದೇವೆ.

ಹಾಗಾದರೆ ಯಾವುದು? ಮಗುವಿಗೆ ಆಸಕ್ತಿ ನಿಲ್ಲುತ್ತದೋ ಇಲ್ಲವೋ ಅಂತ ನೋಡಬೇಕಿದ್ದರೆ ಸ್ಪ್ರಿಂಗ್ ತಗೊಳ್ಳಿ, ಆದರೆ ಒಂದು ದಿನಕ್ಕೆ 30 ಹೊಡೆತಕ್ಕಿಂತ ಜಾಸ್ತಿ ಹೊಡೆಸಬೇಡಿ. ಸ್ಪರ್ಧೆಗೆ ಹೋಗುವುದು ಖಚಿತವಾದ ದಿನ ಪಿಸಿಪಿಗೆ ಬನ್ನಿ. ನಾವು ಆರು ತಿಂಗಳು ತಡ ಮಾಡಿದೆವು.

ಸೆಕೆಂಡ್ ಹ್ಯಾಂಡ್ ತಗೊಂಡರೆ ಸಿಲಿಂಡರಿನ ಮೇಲೆ ಕೊರೆದಿರುವ ತಾರೀಕನ್ನು ಮೊದಲು ಓದಿ. ಸ್ಪರ್ಧೆಯಲ್ಲಿ ತಯಾರಾಗಿ 10 ವರ್ಷ ದಾಟಿದ ಸಿಲಿಂಡರ್ ಬಿಡುವುದಿಲ್ಲ. ನಮಗೆ ಮಾರಿದವರು ಆ ಮಾತೇ ಎತ್ತಲಿಲ್ಲ. ದುಡ್ಡು ಕೊಟ್ಟು ಮನೆಗೆ ತಂದ ಮೇಲೆ ನೋಡಿದರೆ ಉಳಿದಿದ್ದು 14 ತಿಂಗಳು. ತುಂಬ ಬೇಜಾರಾಯಿತು. ಹೊಸ ಸಿಲಿಂಡರಿಗೆ ಅಂತ ಕಳೆದ ತಿಂಗಳಿಂದ ಬೀದಿಯ ಹೆಂಗಸರ ಜೊತೆ ಚೀಟಿ ಹಾಕಿದ್ದೇನೆ. ಫೆಬ್ರವರಿಗೆ ನನ್ನ ಸರದಿ.