ಹಸುಗೂಸುಗಳ ಉಸಿರಾಟದ ಟ್ರಯಲ್: ಯಾವ ರಿಜಿಸ್ಟ್ರಿಯಲ್ಲಿ ಹುಡುಕಬೇಕು?

ಬ್ರಾಂಕಿಯೋಲೈಟಿಸ್ (ಶ್ವಾಸಕೋಶದ ಸಣ್ಣ ನಾಳಗಳ ಉರಿಯೂತ) ಆದ ಕೂಸಿಗೆ ಮೂಗಿನ ನಳಿಕೆಯಲ್ಲಿ ಹೈ-ಫ್ಲೋ, ಅಂದರೆ ಜೋರಾದ ಹರಿವಿನ, ಆಕ್ಸಿಜನ್ ಕೊಡುತ್ತಾರಲ್ಲ, ಅದರ ಟ್ರಯಲ್ (ಚಿಕಿತ್ಸೆಯ ಪ್ರಯೋಗ) ದಾಖಲೆಗಳನ್ನು ಮೂರು ರಿಜಿಸ್ಟ್ರಿಗಳಲ್ಲಿ, ಅಂದರೆ ಟ್ರಯಲ್‌ಗಳನ್ನು ನೋಂದಾಯಿಸಿಡುವ ತಾಣಗಳಲ್ಲಿ, ಹುಡುಕಿ ನೋಡಿದೆ. ಅಮೆರಿಕದ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್, ವಿಶ್ವ ಆರೋಗ್ಯ ಸಂಸ್ಥೆಯ ಐಸಿಟಿಆರ್‌ಪಿ, ನಮ್ಮ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಿಟಿಆರ್‌ಐ.

ಬಳಸೋಕೆ ಸಲೀಸು ಅಮೆರಿಕದ್ದೇ. ಕಾಯಿಲೆಗೆ ಇರುವ ಬೇರೆ ಹೆಸರುಗಳನ್ನೂ ತಾನೇ ಹುಡುಕಿಕೊಳ್ಳುತ್ತದೆ. ಆದರೆ ಅಲ್ಲಿ ‘ಚೈಲ್ಡ್’ ಅಂದರೆ ಹುಟ್ಟಿದಾಗಿನಿಂದ 17 ವರ್ಷದವರೆಗೆ. ಕೂಸುಗಳು ಮಾತ್ರ ಬೇಕಿದ್ದರೆ ವಯಸ್ಸನ್ನು ನಾವೇ ತುಂಬಬೇಕು. ನನಗೆ ತುಂಬಾ ಹಿಡಿಸಿದ್ದು ದಾಖಲೆಯ ಇತಿಹಾಸ. ಹಳೆಯ ಆವೃತ್ತಿ, ಹೊಸದು ಎರಡನ್ನೂ ಹೋಲಿಸಿದರೆ ಬದಲಾದ ಸಾಲುಗಳು ಬಣ್ಣದಲ್ಲಿ ಕಾಣುತ್ತವೆ. ಏನನ್ನು ಅಳೆಯುತ್ತೇವೆ ಎಂದು ಟ್ರಯಲ್ ನಡೆಸುವವರು ಮೊದಲು ಬರೆದಿದ್ದನ್ನು ಆಮೇಲೆ ತಿದ್ದಿದ್ದರೆ ಗೊತ್ತಾಗಿಬಿಡುತ್ತದೆ.

ಅಷ್ಟಿದ್ದರೂ ಮುಖ್ಯ ಟ್ರಯಲ್ಲೇ ಅಲ್ಲಿ ಸಿಗಲಿಲ್ಲ! ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ನಡೆದು 2018ರಲ್ಲಿ ಪ್ರಕಟವಾದ ‘ಪ್ಯಾರಿಸ್’ ಎಂಬ ಹೆಸರಿನ ಟ್ರಯಲ್‌ನಲ್ಲಿ 12 ತಿಂಗಳೊಳಗಿನ 1,472 ಕೂಸುಗಳಿದ್ದವು. ಮಾಮೂಲಿ ಆಕ್ಸಿಜನ್ ಕೊಟ್ಟವರಲ್ಲಿ 23%, ಹೈ-ಫ್ಲೋ ಕೊಟ್ಟವರಲ್ಲಿ 12% ಕೂಸುಗಳಿಗೆ ಚಿಕಿತ್ಸೆಯನ್ನು ಮುಂದಿನ ಹಂತಕ್ಕೆ ಏರಿಸಬೇಕಾಯಿತು. ಇದು ನೋಂದಣಿಯಾಗಿದ್ದು ಆ ದೇಶಗಳ ರಿಜಿಸ್ಟ್ರಿಯಾದ ಎಎನ್‌ಝಡ್‌ಸಿಟಿಆರ್‌ನಲ್ಲಿ. ಐಸಿಟಿಆರ್‌ಪಿ ಹಲವು ದೇಶಗಳ ರಿಜಿಸ್ಟ್ರಿಗಳಿಂದ ದಾಖಲೆ ತರಿಸಿಕೊಳ್ಳುವುದರಿಂದ ಅಲ್ಲಿ ಸಿಗುತ್ತದೆ. ಅದಕ್ಕೇ ನಾನು ಮೊದಲು ಅಲ್ಲಿಗೇ ಹೋಗುವುದು. ಅಲ್ಲಿರುವುದು ಸಾರಾಂಶ ಅಷ್ಟೇ, ಪೂರ್ತಿ ವಿವರಕ್ಕೆ ಮೂಲ ರಿಜಿಸ್ಟ್ರಿಯ ಲಿಂಕ್ ಒತ್ತಬೇಕು.

ಸಿಟಿಆರ್‌ಐ ಹುಡುಕಾಟಕ್ಕೆ ತಾಳ್ಮೆ ಬೇಕು. ‘ಹೈ ಫ್ಲೋ’ ಒಮ್ಮೆ, ‘ಎಚ್‌ಎಫ್‌ಎನ್‌ಸಿ’ (ಮೂಗಿನ ನಳಿಕೆಯ ಹೈ-ಫ್ಲೋಗೆ ಇಂಗ್ಲಿಷಿನ ಚುಟುಕು ಹೆಸರು) ಇನ್ನೊಮ್ಮೆ, ಬರೀ ‘ಬ್ರಾಂಕಿಯೋಲೈಟಿಸ್’ ಮತ್ತೊಮ್ಮೆ ಹಾಕಿ ನೋಡಬೇಕು. ಆದರೂ ಇದನ್ನು ಬಿಡಬಾರದು ಅನ್ನುತ್ತೇನೆ. ಇಲ್ಲಿ ‘ಪೋಸ್ಟ್ ಗ್ರಾಜುಯೇಟ್ ಥೀಸಿಸ್’ ಹೌದಾ ಅಲ್ವಾ ಎಂಬ ಸಾಲೇ ಇದೆ. ಮೆಡಿಕಲ್ ಕಾಲೇಜುಗಳ ಪಿಜಿಗಳು (ಸ್ನಾತಕೋತ್ತರ ವಿದ್ಯಾರ್ಥಿಗಳು) ವಾರ್ಡಿನಲ್ಲಿ ಮಾಡಿದ ಟ್ರಯಲ್‌ಗಳು, ಯಾವ ಜರ್ನಲ್‌ಗೂ ಹೋಗದವು ಕೂಡ, ಇಲ್ಲಿ ಸಿಗುತ್ತವೆ. ಯಾವ ಆಸ್ಪತ್ರೆ, ಎಥಿಕ್ಸ್ ಸಮಿತಿ ಒಪ್ಪಿದೆಯಾ, ಎಷ್ಟು ತಿಂಗಳ ಕೂಸುಗಳು, ಎಲ್ಲವೂ ಬಿಡಿಬಿಡಿಯಾಗಿ ಇರುತ್ತದೆ. ಫಲಿತಾಂಶ ಮಾತ್ರ ಹೆಚ್ಚಿನವುಗಳಲ್ಲಿ ಕಾಣಲಿಲ್ಲ.

ಇಲ್ಲಿ ಹಳೆಯ ದಾಖಲೆ ತೆರೆದರೆ ಮೊದಲ ಮಗು ಸೇರಿದ ದಿನವನ್ನೂ ನೋಂದಣಿಯ ದಿನವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಟ್ರಯಲ್ ಶುರುವಾಗುವ ಮೊದಲೇ ನೋಂದಾಯಿಸಬೇಕು ಎಂದು ಸಿಟಿಆರ್‌ಐ ಪಟ್ಟು ಹಿಡಿದದ್ದು 2018ರ ಏಪ್ರಿಲ್ 1ರಿಂದ.