ಕೆಲಗೇರಿಯಿಂದ ಮಾಗಡಿಯವರೆಗೆ: ಹೊಸಬರ ಕೈಯಲ್ಲಿ ನಿಕಾನ್ ಪಿ950

ಹಕ್ಕಿಗಳ ಛಾಯಾಗ್ರಹಣವನ್ನು ಈಗಷ್ಟೇ ಆರಂಭಿಸುವವರು ನಿಕಾನ್ ಕೂಲ್‌ಪಿಕ್ಸ್ ಪಿ950 ಕೊಳ್ಳಬಹುದೇ? ಧಾರವಾಡದ ಕೆಲಗೇರಿ ಕೆರೆಯ ದಂಡೆಯಲ್ಲೂ ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲೂ ಇದನ್ನು ಬಳಸಿದ ಮೇಲೆ, ಕೊಳ್ಳಬಹುದು ಎಂದೇ ಹೇಳುತ್ತೇನೆ. ಆದರೆ ಜೂಮ್ ಒಂದನ್ನೇ ನಂಬಿ ಕೊಳ್ಳಬಾರದು.

2020ರಲ್ಲಿ ಬಂದ ಈ ಕ್ಯಾಮೆರಾದ ಲೆನ್ಸ್ 83 ಪಟ್ಟು ಜೂಮ್ ಆಗುತ್ತದೆ. ಇದರ ನಾಭಿದೂರ 2000 ಮಿ.ಮೀ. ಎಂದು ಹೇಳಲಾಗುವುದು, ಚಿತ್ರ ಹಿಡಿಯುವ ಸೆನ್ಸರ್ ದೊಡ್ಡದಾಗಿರುವ (35 ಮಿ.ಮೀ. ಫುಲ್‌ಫ್ರೇಮ್) ಕ್ಯಾಮೆರಾದ ಲೆಕ್ಕದಲ್ಲಿ. ಲೆನ್ಸಿನ ನಿಜವಾದ ನಾಭಿದೂರ 357 ಮಿ.ಮೀ. ಮಾತ್ರ, ಉಳಿದದ್ದು ಒಳಗಿನ ಪುಟ್ಟ ಸೆನ್ಸರಿನಿಂದ ಬರುವ ಹಿಗ್ಗುವಿಕೆ. ಪೂರ್ತಿ ಜೂಮಿನಲ್ಲಿ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಫ್/6.5ಕ್ಕೆ ಕಿರಿದಾಗುವುದರಿಂದ ಬೆಳಕು ಕಡಿಮೆಯಾದೊಡನೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ತೋರುವ ಸಂವೇದನೆ) ಏರಿ, ಗರಿಗಳ ಸೂಕ್ಷ್ಮ ಎಳೆಗಳು ಅಳಿಸಿದಂತಾಗುತ್ತವೆ. ಹಾಗಿದ್ದರೂ ಇಡೀ ಕ್ಯಾಮೆರಾದ ತೂಕ ಸುಮಾರು 1 ಕೆ.ಜಿ.; 150–600 ಮಿ.ಮೀ.ನ ಲೆನ್ಸ್ ಒಂದೇ ಸುಮಾರು 2 ಕೆ.ಜಿ. ತೂಗುವಾಗ, ಕೆರೆಯ ಸುತ್ತ ಗಂಟೆಗಟ್ಟಲೆ ನಡೆಯುವವರಿಗೆ ಇದು ಸಣ್ಣ ಅನುಕೂಲವಲ್ಲ.

ಇದರ ನಿಜವಾದ ಪರೀಕ್ಷೆ ಮಾಗಡಿಯಲ್ಲಿ ನಡೆಯುತ್ತದೆ. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದಾಗಿ 2024ರ ಜನವರಿಯಲ್ಲಿ ಪ್ರಕಟವಾದ ಈ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇಯ್ದು, ಬಿಸಿಲೇರಿದ ಮೇಲೆ ನೀರಿನಲ್ಲಿ ತಂಗುತ್ತವೆ. ಹಕ್ಕಿಗಳು ನಿಶ್ಚಲವಾಗಿ ಸಿಗುವ ಆ ಹೊತ್ತಿಗೇ ನೆಲ ಕಾದು ಗಾಳಿ ಅದುರತೊಡಗುತ್ತದೆ. ದೂರದ ಗುಂಪಿನ ಮೇಲೆ 2000 ಮಿ.ಮೀ. ಹಿಡಿದರೆ ಹಕ್ಕಿ ಚೌಕಟ್ಟು ತುಂಬುತ್ತದೆಯೇ ಹೊರತು ತಲೆಯ ಮೇಲಿನ ಎರಡು ಕಪ್ಪು ಪಟ್ಟೆಗಳ ಅಂಚು ತೀಕ್ಷ್ಣವಾಗುವುದಿಲ್ಲ. ಇದು ಯಾವ ಲೆನ್ಸನ್ನೂ ಬಿಡದ ತೊಂದರೆ. ಆದ್ದರಿಂದ ಮುಂಜಾನೆಯೇ ಹೋಗಬೇಕು. ಗುಂಪು ಹಾರುವಾಗ ಮಾತ್ರ ಈ ಕ್ಯಾಮೆರಾ ಹಿಂದೆ ಬೀಳುತ್ತದೆ: ಫೋಕಸ್ ನಿಧಾನ, ಸೆಕೆಂಡಿಗೆ ಸುಮಾರು 7ರಂತೆ 10 ಚಿತ್ರಗಳಾದ ಕೂಡಲೇ ಅವು ಕಾರ್ಡಿಗೆ ಇಳಿಯುವವರೆಗೆ ಕಾಯಬೇಕು.

ಡಯಲಿನಲ್ಲಿ ಹಕ್ಕಿಗಳಿಗೆಂದೇ ಒಂದು ಮೋಡ್ ಇದೆ. ಮೊದಲ ಕೆಲವು ದಿನಗಳಿಗೆ ಅದು ಸಾಕು. ಆಮೇಲೆ ಷಟರ್ ವೇಗವನ್ನು ನಾವೇ ಆರಿಸುವ ಎಸ್ ಮೋಡಿಗೆ ಹೋಗುವುದು ಒಳ್ಳೆಯದು.

ಕಲಿಕೆಯ ಮಾತು ಬಂದಾಗ, ಈ ಕ್ಯಾಮೆರಾದ ಬೆಲೆ ತೀರುವುದು ಚಿತ್ರಗಳನ್ನು ಅನುಭವಿಗಳಿಗೆ ತೋರಿಸಿದಾಗಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಧಾರವಾಡದ ಹಿರಿಯ ಪಕ್ಷಿವೀಕ್ಷಕರೊಬ್ಬರು ಹೊಸಬರ ಚಿತ್ರಗಳನ್ನು ನೋಡುವಾಗ ಮೊದಲು ಕೇಳುವುದು ಎರಡೇ ಪ್ರಶ್ನೆ: “ಹಕ್ಕಿಯ ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಇದೆಯೇನ್ರಿ? ನೀವು ನಿಂತು ತೆಗೆದೀರೋ, ಕೂತು ತೆಗೆದೀರೋ?” ಕೆರೆಯ ಏರಿಯ ಮೇಲೆ ನಿಂತು ಕೆಳಮುಖವಾಗಿ ತೆಗೆದ ಚಿತ್ರದಲ್ಲಿ ಹಕ್ಕಿಯ ಹಿಂದೆ ಕೆಸರೂ ಜೊಂಡೂ ಅಂಟಿಕೊಂಡಂತೆ ಕಾಣುತ್ತವೆ, ಹಕ್ಕಿಯ ಕಣ್ಮಟ್ಟಕ್ಕೆ ಇಳಿದರೆ ಹಿನ್ನೆಲೆ ದೂರ ಸರಿದು ಮೃದುವಾಗುತ್ತದೆ. ಈ ಸಲಹೆಯನ್ನು ಪಾಲಿಸಲು ಪಿ950ರ ತಿರುಗುವ ಪರದೆ ಬಹಳ ನೆರವಾಗುತ್ತದೆ, ಏಕೆಂದರೆ ಕ್ಯಾಮೆರಾವನ್ನು ನೆಲದ ಹತ್ತಿರ ಹಿಡಿದು ಮೇಲಿನಿಂದಲೇ ನೋಡಬಹುದು. ಬೆಳ್ಳಕ್ಕಿಯ ಬಿಳಿ ಗರಿಗಳು ಸುಣ್ಣ ಬಳಿದಂತೆ ಕಾಣುತ್ತಿವೆ ಎಂಬ ಟೀಕೆಗೂ ಉತ್ತರ ಈ ಕ್ಯಾಮೆರಾದಲ್ಲೇ ಇದೆ: ಎಕ್ಸ್‌ಪೋಷರನ್ನು ತುಸು ಕಡಿಮೆ ಮಾಡಿ, ಹಿಂದಿನ ಮಾದರಿ ಪಿ900ರಲ್ಲಿ ಇಲ್ಲದಿದ್ದ ರಾ (ಕ್ಯಾಮೆರಾ ಸಂಸ್ಕರಿಸದೆ ಹಾಗೆಯೇ ಇಡುವ) ಕಡತದಲ್ಲಿ ಚಿತ್ರವನ್ನು ಉಳಿಸಿಕೊಳ್ಳಬೇಕು. ತೋರಿಸುವಾಗ ಕತ್ತರಿಸದ ಮೂಲ ಚಿತ್ರವನ್ನೇ, ಷಟರ್ ಮತ್ತು ಐಎಸ್‌ಒ ವಿವರಗಳ ಸಮೇತ ಕೊಡಿ. “ಚಲೋ ಬಂದೈತಿ” ಎಂಬ ಮೆಚ್ಚುಗೆಯನ್ನು ದಾಟಿ ಕಾರಣಗಳ ಚರ್ಚೆ ಆಗುವುದು ಆಗ ಮಾತ್ರ.

ಹಾರುವ ಹಕ್ಕಿಗಳೇ ಮುಖ್ಯ ಎನ್ನುವವರು ಇದನ್ನು ಬಿಟ್ಟು, ಬದಲಿಸಬಹುದಾದ ಲೆನ್ಸಿನ ಕ್ಯಾಮೆರಾಕ್ಕೆ ಹಣ ಕೂಡಿಸಲಿ. ಬಳಸಿದ ಪಿ950 ಕೊಳ್ಳುವವರು ಅಂಗಡಿಯಲ್ಲೇ ಜೂಮನ್ನು ಪೂರ್ತಿ ಚಾಚಿ, ರಸ್ತೆಯಾಚೆಯ ಫಲಕದ ಸಣ್ಣ ಅಕ್ಷರಗಳ ಚಿತ್ರ ತೆಗೆದು, ಅಂಚುಗಳು ಸ್ಪಷ್ಟವಾಗಿವೆಯೇ ಎಂದು ದೊಡ್ಡದು ಮಾಡಿ ನೋಡಿದ ಮೇಲೆಯೇ ಹಣ ಕೊಡಲಿ.