ಎಂಬಿಆರ್ ಪ್ಲಾಂಟ್ ಇದೆ ಅಂತ ನಂಬಿ ಸುಮ್ನೆ ಹ್ಯಾಂಡ್‌ಓವರ್ ತಗೊಳ್ಳಬೇಡಿ

ಚಿಕ್ಕಮಗಳೂರಿನ ಹೊರವಲಯದಲ್ಲಿ ಮನೆ, ಫ್ಲ್ಯಾಟ್ ನೋಡುತ್ತಿರುವವರು ಮತ್ತು ಲೇಔಟ್ ಸಂಘದ ಕೆಲಸ ಮಾಡುವವರು ದಯವಿಟ್ಟು ಇದನ್ನು ಓದಿ. ಯುಜಿಡಿ, ಅಂದರೆ ಊರಿನ ಒಳಚರಂಡಿ ಲೈನ್ ಮುಟ್ಟದ ಕಡೆ ಬಿಲ್ಡರ್‌ಗಳೇ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಪ್ಲಾಂಟ್) ಕಟ್ಟಿಕೊಡುತ್ತಾರೆ. ನಮ್ಮ ಲೇಔಟಿನ ಬ್ರೋಷರ್‌ನಲ್ಲಿ ‘ಎಂಬಿಆರ್ ತಂತ್ರಜ್ಞಾನ’ ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದರು. ಮೆಂಬ್ರೇನ್ ಅಂದರೆ ಸಣ್ಣ ರಂಧ್ರಗಳಿರುವ ಸೋಸುವ ಪೊರೆ; ಕೊಳೆ ತಿನ್ನುವ ಬ್ಯಾಕ್ಟೀರಿಯಾ ಟ್ಯಾಂಕಿನ ಜೊತೆ ಅದನ್ನೂ ಸೇರಿಸಿದ್ದೇ ಎಂಬಿಆರ್, ಅಂದರೆ ಮೆಂಬ್ರೇನ್ ಬಯೋರಿಯಾಕ್ಟರ್. ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ಆ ಪ್ಲಾಂಟ್ ಪೂರ್ತಿ ಕೈಕೊಟ್ಟಿತು.

ಎಂಬಿಆರ್ ಅನ್ನೋದೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮೆಂಬ್ರೇನನ್ನು ಟ್ಯಾಂಕಿನೊಳಗೇ ಮುಳುಗಿಸಿಡುವ ವಿಧಾನವನ್ನು ಜಪಾನಿನ ಕಝುವೋ ಯಮಮೊಟೊ ತಂಡ 1989ರಲ್ಲೇ ತೋರಿಸಿಕೊಟ್ಟಿತ್ತು. ಸಾದಾ ಪ್ಲಾಂಟಿನಲ್ಲಿ ಬ್ಯಾಕ್ಟೀರಿಯಾ ಕೊಳೆ ತಿಂದ ಮೇಲೆ ಕೆಸರು ತಳಕ್ಕೆ ಕೂರಲು ಇನ್ನೊಂದು ದೊಡ್ಡ ಟ್ಯಾಂಕ್ ಬೇಕು. ಇದರಲ್ಲಿ ಅದು ಬೇಡ. ಶಾವಿಗೆ ಎಳೆಯಂಥ ಟೊಳ್ಳು ನೂಲುಗಳ ಕಟ್ಟನ್ನು ಕೊಳಚೆಯಲ್ಲಿ ಇಳಿಬಿಟ್ಟು, ಪಂಪಿನಿಂದ ನೀರನ್ನು ನೂಲಿನ ಒಳಕ್ಕೆ ಎಳೆಯುತ್ತಾರೆ. ನೂಲಿನ ಗೋಡೆಯಲ್ಲಿರುವ ರಂಧ್ರ ಸಾಮಾನ್ಯವಾಗಿ 0.04ರಿಂದ 0.4 ಮೈಕ್ರಾನ್. ಬ್ಯಾಕ್ಟೀರಿಯಾ ಒಂದು ಮೈಕ್ರಾನಿನ ಆಸುಪಾಸು. ಹಾಗಾಗಿ ಅದು ಹೊರಗೇ ಉಳಿಯುತ್ತದೆ, ತಿಳಿ ನೀರು ಬರುತ್ತದೆ. ಸಾದಾ ಪ್ಲಾಂಟಿನಲ್ಲಿ ಲೀಟರಿಗೆ 3000ದಿಂದ 4000 ಮಿಲಿಗ್ರಾಂ ಕೆಸರು (ಕೊಳೆ ತಿನ್ನುವ ಬ್ಯಾಕ್ಟೀರಿಯಾ ಇರುವುದು ಇದರಲ್ಲೇ) ಇಟ್ಟುಕೊಂಡರೆ, ಇಲ್ಲಿ 8000ದಿಂದ 12000ದವರೆಗೂ ಇಡಬಹುದು. ಜಾಗ ಕಮ್ಮಿ ಸಾಕು. ಬಿಲ್ಡರ್‌ಗೆ ಬೇಕಾಗಿದ್ದು ಅದೊಂದೇ.

ನಮಗೆ ಹೊಡೆತ ಬಿದ್ದದ್ದು ಮೆಂಬ್ರೇನಿಗಿಂತ ಮುಂಚೆ ಇರಬೇಕಾದ ಜಾಲರಿಯಿಂದ. ಇಂಥ ನೂಲಿನ ಮೆಂಬ್ರೇನ್ ಇದ್ದರೆ ಒಳಬರುವ ಕೊಳಚೆಯನ್ನು 1ರಿಂದ 2 ಮಿಲಿಮೀಟರ್ ಕಿಂಡಿಯ ಸ್ಕ್ರೀನಿನಲ್ಲಿ ಸೋಸಲೇಬೇಕು. ನಮ್ಮಲ್ಲಿ ಇದ್ದದ್ದು ಬೆರಳು ತೂರುವಷ್ಟು ಅಂತರದ ಕಬ್ಬಿಣದ ಸರಳುಗಳು. ಜಿಡ್ಡು ಹಿಡಿಯುವ ಚೇಂಬರ್ ಡ್ರಾಯಿಂಗ್‌ನಲ್ಲಿತ್ತು, ಜಾಗದಲ್ಲಿರಲಿಲ್ಲ.

ನೀರು ಬರುವುದು ದಿನದಿಂದ ದಿನಕ್ಕೆ ಕಮ್ಮಿಯಾಯಿತು. ಕೊನೆಗೆ ಚೈನ್ ಬ್ಲಾಕ್ ಹಾಕಿ ಮೆಂಬ್ರೇನ್ ಫ್ರೇಮನ್ನು ಮೇಲಕ್ಕೆತ್ತಿಸಿದೆವು. ನೂಲುಗಳು ಫ್ರೇಮಿಗೆ ಸೇರುವ ಜಾಗದಲ್ಲಿ ಕೂದಲು, ದಾರ, ಮಗುವಿಗೆ ಒರೆಸುವ ವೈಪ್ಸ್ ಎಲ್ಲಾ ಸುತ್ತಿ ಹುರಿಗೊಂಡಿದ್ದವು. ಕತ್ತರಿ ಹಾಕಿದರೂ ಬಿಡಿಸಲು ಆಗಲಿಲ್ಲ. ನೂಲುಗಳ ನಡುವೆ ಬೂದು ಬಣ್ಣದ ಜಿಡ್ಡು, ಅದರಲ್ಲಿ ಕಪ್ಪಗೆ ಮೆತ್ತಿಕೊಂಡ ಕಾಫಿ ಗಸಿ. ನಮ್ಮೂರಲ್ಲಿ ಸಿಂಕಿಗೆ ಕಾಫಿ ಗಸಿ ಹೋಗದ ಮನೆ ಇದೆಯಾ? ಪ್ಲಾಂಟ್ ಡಿಸೈನ್ ಮಾಡುವವರು ಇದನ್ನೆಲ್ಲ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು ಅಲ್ವಾ?

ಎಎಂಸಿ (ವರ್ಷದ ನಿರ್ವಹಣೆ ಗುತ್ತಿಗೆ) ತಗೊಂಡಿದ್ದ ಕಂಪನಿಯವರು ಇದರ ಮೇಲೆ ಇನ್ನಷ್ಟು ಕೆಡಿಸಿದರು. ಕಾರು ತೊಳೆಯುವ ಜೆಟ್ ತಂದು ಜೋರಾಗಿ ನೀರು ಹೊಡೆದರು. ಆಮೇಲೆ ಫ್ರೇಮನ್ನು ಸ್ಲ್ಯಾಬ್ ಮೇಲೆ ಬಿಸಿಲಿಗೆ ಬಿಟ್ಟು ಹೋದರು. ಒಮ್ಮೆ ಬಳಸಿದ ಮೆಂಬ್ರೇನ್ ಒಣಗಲೇಬಾರದು. ಒಣಗಿದರೆ ರಂಧ್ರಗಳಲ್ಲಿ ಮತ್ತೆ ಮೊದಲಿನ ಹಾಗೆ ನೀರು ಹಾಯುವುದಿಲ್ಲ. ಜಿಡ್ಡು, ಲೋಳೆ ಹೋಗಬೇಕಾದರೆ ಹದವಾಗಿ ಬೆರೆಸಿದ ಹೈಪೋ (ಬ್ಲೀಚ್) ದ್ರಾವಣದಲ್ಲಿ, ಉಪ್ಪಿನ ಪದರ ಹೋಗಬೇಕಾದರೆ ಸಿಟ್ರಿಕ್ ಆಸಿಡ್‌ನಲ್ಲಿ, ಬೇರೆ ಬೇರೆಯಾಗಿ ನೆನೆಹಾಕಬೇಕು. ಎರಡನ್ನೂ ಒಟ್ಟಿಗೆ ಬೆರೆಸಿದರೆ ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಜೆಟ್ ಹೊಡೆದ ಮೇಲೆ ನೂಲುಗಳು ತುಂಡಾಗಿದ್ದವು. ಪ್ಲಾಂಟಿನಿಂದ ಫ್ಲಶ್‌ಗೆ ಬರುವ ನೀರು ಕದಡಿತು, ಬಾತ್‌ರೂಮುಗಳಲ್ಲಿ ವಾಸನೆ ಶುರುವಾಯಿತು.

ಅದೇ ಕಂಪನಿಯ ಮೇಲ್ವಿಚಾರಕ ಒಬ್ಬ ಹುಡುಗನಿಗೆ ಟ್ಯಾಂಕಿಗೆ ಇಳಿದು ತಳ ಕೆರೆಯಲು ಹೇಳಿದ್ದ. ಮಾಸ್ಕ್ ಇಲ್ಲ, ಹಗ್ಗ ಇಲ್ಲ. ನಮ್ಮ ಕಾವಲುಗಾರ ಕಂಡು ತಡೆದ. ಅಲ್ಲಿ ಸೇರಿಕೊಳ್ಳುವ ಹೈಡ್ರೋಜನ್ ಸಲ್ಫೈಡ್ ಅನಿಲ ಕ್ಷಣದಲ್ಲಿ ಜೀವ ತೆಗೆಯುತ್ತದೆ. ರಕ್ಷಣೆಯ ಸಲಕರಣೆ ಇಲ್ಲದೆ ಮನುಷ್ಯರನ್ನು ಹೀಗೆ ಇಳಿಸುವುದು 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆ ಪ್ರಕಾರ ಅಪರಾಧ. ಪ್ಲಾಂಟ್ ಹಾಳಾದರೆ ಹಾಳಾಗಲಿ, ನಿಮ್ಮ ಕಣ್ಣೆದುರು ಯಾರನ್ನೂ ಇಳಿಯಲು ಬಿಡಬೇಡಿ.

ಇನ್ನು ನಮ್ಮ ಮಲೆನಾಡಿನ ಮಳೆ. ಚಾವಣಿಯ ನೀರಿನ ಪೈಪುಗಳನ್ನು ಬಿಲ್ಡರ್ ಕೊಳಚೆ ಚೇಂಬರಿಗೇ ಸೇರಿಸಿದ್ದ. ಮೆಂಬ್ರೇನ್ ಗಂಟೆಗೆ ಇಷ್ಟೇ ನೀರು ಬಿಡುತ್ತದೆ, ಜಾಸ್ತಿ ಎಳೆದರೆ ಬೇಗ ಕಟ್ಟಿಕೊಳ್ಳುತ್ತದೆ. ಹೆಚ್ಚಾದ ನೀರನ್ನು ಹಿಡಿದಿಡುವ ಟ್ಯಾಂಕ್ ಚಿಕ್ಕದಿತ್ತು. ಜೋರು ಮಳೆಗೆ ಎಲ್ಲಾ ಉಕ್ಕಿ ಚರಂಡಿಗೆ, ಅಲ್ಲಿಂದ ಹಳ್ಳಕ್ಕೆ ಹೋಯಿತು. ಆ ಹಳ್ಳ ಹೋಗುವುದು ಯಗಚಿಗೆ. ಬೇಲೂರಿನ ಹತ್ತಿರ ಯಗಚಿ ಜಲಾಶಯದಿಂದಲೇ ನಮ್ಮೂರಿಗೆ ಕುಡಿಯುವ ನೀರು ಬರುತ್ತದೆ. ಇದನ್ನು ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಗಾಳಿಗೆ ಮರ ಬಿದ್ದು ಕರೆಂಟ್ ಹೋದಾಗ ಲಿಫ್ಟಿಗೆ ಜನರೇಟರ್ ಇತ್ತು, ಟ್ಯಾಂಕಿಗೆ ಗಾಳಿ ಊದುವ ಬ್ಲೋವರ್‌ಗೆ ಇರಲಿಲ್ಲ. ಬ್ಲೋವರ್ ಗಾಳಿ ಬ್ಯಾಕ್ಟೀರಿಯಾಗೂ ಬೇಕು, ನೂಲುಗಳ ಮೇಲಿನ ಕೆಸರು ಉದುರಿಸಲೂ ಬೇಕು.

ಈಗ ಬಿಲ್ಡರ್ ಕೊಡುವ ಉತ್ತರ ಒಂದೇ: ಹ್ಯಾಂಡ್‌ಓವರ್ ಪತ್ರಕ್ಕೆ ಸಹಿ ಆಗಿದೆ. ಕಂಪನಿಯವರು ಎಲ್ಲಾ ಮೆಂಬ್ರೇನ್ ಬದಲಾಯಿಸಿ ಅನ್ನುತ್ತಾರೆ. ಲಕ್ಷಗಟ್ಟಲೆ ಖರ್ಚು, ಜಾಲರಿ ಮಾತ್ರ ಅದೇ ಹಳೇದು. ಅದನ್ನು ಬದಲಿಸದೆ ಹೊಸ ಮೆಂಬ್ರೇನ್ ಹಾಕಲು ನಾವು ಒಪ್ಪಿಲ್ಲ. ಸದ್ಯ ಸಕ್ಕಿಂಗ್ ಗಾಡಿ ತರಿಸುತ್ತಿದ್ದೇವೆ.

ನೀವು ಸಹಿ ಹಾಕುವ ಮುಂಚೆ ಸ್ಕ್ರೀನನ್ನು ಕಣ್ಣಾರೆ ನೋಡಿ, ಕಿಂಡಿ ಅಳೆಯಿರಿ. ಮೇನ್ ಸ್ವಿಚ್ ಆಫ್ ಮಾಡಿಸಿ, ಬ್ಲೋವರ್ ಜನರೇಟರ್‌ನಲ್ಲಿ ತಿರುಗುತ್ತಾ ನೋಡಿ. ಮೆಂಬ್ರೇನ್ ಪಂಪಿನ ಗೇಜ್ ರೀಡಿಂಗ್ ಬರೆದ ಪುಸ್ತಕ ಕೇಳಿ. ನೀರಿನ ಪ್ರಮಾಣ ಅಷ್ಟೇ ಇದ್ದು ಗೇಜಿನಲ್ಲಿ ಪಂಪಿನ ಎಳೆತ ಏರುತ್ತಾ ಹೋಗಿದ್ದರೆ ಮೆಂಬ್ರೇನ್ ಕಟ್ಟಿಕೊಳ್ಳುತ್ತಿದೆ ಅಂತಲೇ ಅರ್ಥ. ಪುಸ್ತಕವೇ ಇಲ್ಲ ಅಂದರೆ ಸಹಿ ಹಾಕಬೇಡಿ. ಪರೀಕ್ಷೆಗೆ ಮಳೆಗಾಲದ ದಿನವನ್ನೇ ಆರಿಸಿಕೊಳ್ಳಿ. ಬೇಸಿಗೆಯಲ್ಲಿ ನಮ್ಮ ಪ್ಲಾಂಟೂ ಚೆನ್ನಾಗಿಯೇ ಓಡುತ್ತಿತ್ತು.